ಮೇಲಕ್ಕೆ ತಿರುಗಿದ ನಲ್ಲಿಗಳು

ರಾತ್ರಿ ಹೊತ್ತು. ಬೀಗ ಹಾಕಿದ ಹೈಸ್ಕೂಲು. ಆಟದ ಬಯಲಿನ ಅಂಚಿನಲ್ಲಿ ಮಕ್ಕಳು ಕೈಕಾಲು ತೊಳೆಯಲೆಂದು ಕಟ್ಟಿಸಿದ ಉದ್ದನೆಯ ತೊಟ್ಟಿ, ಅದರುದ್ದಕ್ಕೂ ಸಾಲು ನಲ್ಲಿಗಳು. ಹುಡುಗನೊಬ್ಬ ಒಂದು ನಲ್ಲಿಯ ಮೂತಿಯನ್ನು ಆಕಾಶಕ್ಕೆ ತಿರುಗಿಸಿ ಬಿಡುತ್ತಾನೆ. ನೀರು ಚಿಮ್ಮುತ್ತದೆ. ಪಕ್ಕದ್ದನ್ನೂ ತಿರುಗಿಸುತ್ತಾನೆ, ಅದರ ಪಕ್ಕದ್ದನ್ನೂ. ನೋಡನೋಡುತ್ತಾ ಸಾಲಿಗೆ ಸಾಲೇ ಕಾರಂಜಿಯಾಗುತ್ತದೆ. ಜೊತೆಗಿದ್ದ ಹುಡುಗಿ ಬೆರಗಾಗಿ ನಿಂತು, ಆಮೇಲೆ ತಡೆಯಲಾರದೆ ನಗುತ್ತಾಳೆ. ಕಾವಲುಗಾರನ ಕೂಗು ಕೇಳಿದ್ದೇ ಇಬ್ಬರೂ ಓಟ.

ಇದಕ್ಕೆ ಸ್ವಲ್ಪ ಮೊದಲು ಅದೇ ಹುಡುಗನನ್ನು ನಾಲ್ಕಾರು ಗಂಡಸರು ಸುತ್ತುವರಿದಿದ್ದರು. ಅವನ ಅಪ್ಪನ ಕಂಪನಿ ದಿವಾಳಿಯಾಗಿ, ಅದನ್ನು ನಂಬಿ ಸರಕು ಕೊಟ್ಟವರು, ದುಡಿದವರು ಬೀದಿಗೆ ಬಿದ್ದಿದ್ದರು. ಅಪ್ಪ ತಲೆಮರೆಸಿಕೊಂಡಿದ್ದಾನೆ, ಸಿಕ್ಕಿದವನು ಮಗ. ಅವನು ವಾದ ಮಾಡುವುದಿಲ್ಲ. ತಲೆ ತಗ್ಗಿಸಿ, ತಾನು ಒಂದು ಕ್ಷಣವೂ ಸುಖವಾಗಿ ಇರುವುದಿಲ್ಲ ಎಂದು ಅವರಿಗೆ ಮಾತು ಕೊಡುತ್ತಾನೆ. ಕೊಡಲು ಅವನ ಬಳಿ ಉಳಿದಿದ್ದು ಅದೊಂದೇ. ಹುಡುಗಿ ಮರೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡಿರುತ್ತಾಳೆ. ಕಾರಂಜಿಯ ನೀರಿನಲ್ಲಿ ನೆನೆದು ಓಡಿ ಬಂದ ಮೇಲೆ ಅವಳು ಅವನಿಗೊಂದು ಉಪಾಯ ಹೇಳುತ್ತಾಳೆ: ಕಾಲ ನಿನ್ನಿಂದ ಎಲ್ಲವನ್ನೂ ಬಿಡಿಸಿತು, ಸಂತೋಷವನ್ನೂ ಬಿಟ್ಟುಬಿಟ್ಟರೆ ಹೇಗೆ? ನನ್ನ ಜೊತೆ ಇರುವಾಗ ಮಾತ್ರ ಆ ಜನಕ್ಕೆ ತಿಳಿಯದ ಹಾಗೆ ಸಂತೋಷವಾಗಿರು. ಅದು ನಮ್ಮಿಬ್ಬರ ಗುಟ್ಟು.

ನಾನು ನೋಡಿದ ಕೊರಿಯನ್ ಧಾರಾವಾಹಿಗಳಲ್ಲಿ ಪ್ರೀತಿ ಇಷ್ಟು ಸರಿಯಾದ ಜಾಗದಿಂದ ಹುಟ್ಟಿದ್ದನ್ನು ಇನ್ನೊಂದರಲ್ಲಿ ಕಂಡಿಲ್ಲ. ಹೂವು ಕೊಟ್ಟದ್ದಲ್ಲ, ಮಳೆಯಲ್ಲಿ ಕೊಡೆ ಹಿಡಿದದ್ದಲ್ಲ. ಸಾಲ ಹೊತ್ತವನಿಗೆ ನಗಲು ಅನುಮತಿ ಕೊಟ್ಟದ್ದು.

ಧಾರಾವಾಹಿಯ ಹೆಸರು ‘ಟ್ವೆಂಟಿ ಫೈವ್ ಟ್ವೆಂಟಿ ವನ್’. 2022ರ ಫೆಬ್ರುವರಿ 12ರಿಂದ ಏಪ್ರಿಲ್ 3ರವರೆಗೆ ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ ಶನಿವಾರ–ಭಾನುವಾರಗಳಂದು 16 ಕಂತುಗಳಾಗಿ ಬಂತು. ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮನೆಗಳಿಗೂ ಬಂತು. ಬರೆದವರು ಕ್ವಾನ್ ದೊಯುನ್, ನಿರ್ದೇಶಿಸಿದವರು ಜಂಗ್ ಜಿಹ್ಯೂನ್. ಹುಡುಗಿ ನಾ ಹೀದೊ ಆಗಿ ಕಿಮ್ ತೇರಿ, ಹುಡುಗ ಬೇಕ್ ಯಿಜಿನ್ ಆಗಿ ನಾಮ್ ಜೂಹ್ಯೂಕ್. ಕಥೆ ಶುರುವಾಗುವಾಗ ಇಸವಿ 1998, ಹೀದೊಗೆ 18, ಯಿಜಿನ್‌ಗೆ 22.

ಇದನ್ನು ನನಗೆ ಹಚ್ಚಿದವಳು ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದ ನಮ್ಮಕ್ಕನ ಮಗಳು. ಬೇಸಿಗೆ ರಜೆಗೆಂದು ಬಂದವಳು ಕಂತುಗಳನ್ನು ನನ್ನ ಪಕ್ಕ ಕೂತು ಮತ್ತೆ ನೋಡಿದಳು. ಕೊನೆಯ ಕಂತು ಮಾತ್ರ ತಾನು ನೋಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಯಾಕೆ ಅಂದರೆ, ‘ಅಷ್ಟೆಲ್ಲ ಪ್ರೀತಿ ತೋರಿಸಿ ಕೊನೆಗೆ ಹಾಗೆ ಮಾಡಿದ್ದಾರೆ ಚಿಕ್ಕಮ್ಮ, ನೀವೇ ನೋಡಿ, ನಾನು ಹೇಳಲ್ಲ.’ ನೋಡಿದೆ. ಆಮೇಲೆ ನಮ್ಮಿಬ್ಬರ ನಡುವೆ ದೊಡ್ಡ ವಾದವೇ ಆಯಿತು. ಆ ವಾದ ನಮ್ಮ ಮನೆಯದ್ದು ಮಾತ್ರವಾಗಿರಲಿಲ್ಲ. ಕೊರಿಯಾದಲ್ಲೂ ಹೊರಗೂ ಈ ಧಾರಾವಾಹಿಯ ಮುಕ್ತಾಯ ಲಕ್ಷಾಂತರ ಜನರನ್ನು ನೋಯಿಸಿತು. ನನಗೂ ನೋವಾಯಿತು. ಆದರೂ ಆ ಮುಕ್ತಾಯವೇ ಸರಿ ಎಂದು ನಾನು ಅವಳಿಗೆ ಹೇಳಿದ್ದೆ, ಇಲ್ಲೂ ಹೇಳುತ್ತೇನೆ. ಅದಕ್ಕೆ ಕಾರಣ ಆ ನಲ್ಲಿಗಳ ರಾತ್ರಿಯಲ್ಲೇ ಇದೆ.

ಕಾಲ ಎಂಬ ಪದವನ್ನು ಈ ಕಥೆ ಮೊದಲ ಕಂತಿನಲ್ಲೇ ನಮ್ಮ ಕೈಗೆ ಕೊಡುತ್ತದೆ. ಹೀದೊ ಫೆನ್ಸಿಂಗ್ ಆಡುವ ಹುಡುಗಿ. ಚಿಕ್ಕವಳಿದ್ದಾಗ ಎಲ್ಲರೂ ಕೊಂಡಾಡಿದವಳು, ಈಗ ಹಿಂದೆ ಬಿದ್ದವಳು. ಹಣವಿಲ್ಲವೆಂದು ಅವಳ ಶಾಲೆ ಫೆನ್ಸಿಂಗ್ ತಂಡವನ್ನೇ ಮುಚ್ಚುತ್ತದೆ. ಅವಳು ಗೋಗರೆದಾಗ ಸಿಗುವ ಉತ್ತರ ಇಷ್ಟು: ನಿನ್ನ ಕನಸನ್ನು ಕಿತ್ತುಕೊಂಡದ್ದು ನಾನಲ್ಲ, ಈ ಕಾಲ. ನಮ್ಮ ಹಿರಿಯರೂ ‘ಕಾಲ ಕೆಟ್ಟಿತು’ ಅನ್ನುತ್ತಾರೆ. ಆದರೆ ಇಲ್ಲಿ ಕಾಲ ಎಂದರೆ ಬರೀ ಮಾತಿಗೆ ಬಂದ ಮಾತಲ್ಲ, ಅದಕ್ಕೆ ತಾರೀಖು ಇದೆ.

1997ರ ಜನವರಿಯಲ್ಲಿ ಕೊರಿಯಾದ ಹಾನ್ಬೊ ಎಂಬ ಉಕ್ಕಿನ ಕಂಪನಿ ಮುಳುಗಿತು. ಅದೇ ವರ್ಷ ಕಾರು ತಯಾರಿಸುವ ಕಿಯಾ ಸಾಲ ತೀರಿಸಲಾರದೆ ಕೂತಿತು. ಅಲ್ಪಾವಧಿಗೆಂದು ಹೊರದೇಶಗಳಿಂದ ತಂದ ಸಾಲವನ್ನು ಕೊಟ್ಟವರು ಒಟ್ಟಿಗೆ ವಾಪಸು ಕೇಳತೊಡಗಿದಾಗ ದೇಶದ ಡಾಲರ್ ದಾಸ್ತಾನು ಕರಗಿಹೋಯಿತು. ನವೆಂಬರ್ 21ರಂದು ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ನೆರವು ಬೇಡುವುದಾಗಿ ಪ್ರಕಟಿಸಿತು. ಡಿಸೆಂಬರ್ 3ರಂದು ಒಪ್ಪಂದವಾಯಿತು. ಬೇರೆ ಬೇರೆ ಕಡೆಯಿಂದ ಒಟ್ಟುಗೂಡಿದ ನೆರವಿನ ಭರವಸೆ ಸುಮಾರು 5,800 ಕೋಟಿ ಡಾಲರ್. ಅದರ ಜೊತೆ ಬಂದ ಷರತ್ತುಗಳು, ಮುಚ್ಚಿದ ಬ್ಯಾಂಕುಗಳು, ಕೆಲಸ ಕಳೆದುಕೊಂಡ ಅಪ್ಪಂದಿರು. ಶೇ 2.6ರಷ್ಟಿದ್ದ ನಿರುದ್ಯೋಗ 1998ರಲ್ಲಿ ಶೇ 7ರ ಹತ್ತಿರ ಬಂತು. ಕೊರಿಯನ್ನರು ಇವತ್ತಿಗೂ ಆ ವರ್ಷಗಳನ್ನು ‘ಐಎಂಎಫ್’ ಎಂಬ ಒಂದೇ ಪದದಲ್ಲಿ ಕರೆಯುತ್ತಾರೆ, ನಮ್ಮಲ್ಲಿ ಬರ ಬಂದ ವರ್ಷವನ್ನು ಹೆಸರಿಟ್ಟು ನೆನೆಯುವಂತೆ.

1998ರ ಜನವರಿಯಿಂದ ಜನ ಸಾಲುಗಟ್ಟಿ ನಿಂತು ಮನೆಯ ಚಿನ್ನವನ್ನು ತಂದುಕೊಟ್ಟರು. ಮದುವೆ ಉಂಗುರ, ಕ್ರೀಡಾ ಪದಕ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂಧುಗಳು ತೊಡಿಸುವ ಪುಟ್ಟ ಉಂಗುರ. ಸುಮಾರು 35 ಲಕ್ಷ ಜನ, 227 ಟನ್ ಚಿನ್ನ. 1991ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡ ಇಡಲು ಹೊರದೇಶಕ್ಕೆ ಕಳಿಸಿದಾಗ ಅದು ಸರ್ಕಾರದ ಕಪಾಟಿನದ್ದಾಗಿತ್ತು. ಅಲ್ಲಿ ಅದು ಮಗುವಿನ ಬೆರಳಿನದ್ದು. ಮನೆಯ ಚಿನ್ನ ಅಂದರೆ ಏನೆಂದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ಯಿಜಿನ್‌ನನ್ನು ನೋಡಬೇಕು. ಹೈಸ್ಕೂಲಿನ ಪ್ರೇಮಕಥೆಗಳಿಗೆ ಕೊರಿಯಾದಲ್ಲಿ ಒಂದು ಅಚ್ಚು ಇದೆ. ಜಪಾನಿನ ಯೋಕೊ ಕಾಮಿಯೊ ಅವರ ಕಾಮಿಕ್ಸ್ ಆಧರಿಸಿ 2009ರಲ್ಲಿ ಬಂದ ‘ಬಾಯ್ಸ್ ಓವರ್ ಫ್ಲವರ್ಸ್’ ಆ ಅಚ್ಚನ್ನು ಏಷ್ಯಾದ ಮನೆಮನೆಗೆ ಮುಟ್ಟಿಸಿತು. ಉದ್ಯಮಿಯ ಮಗ, ಶ್ರೀಮಂತರ ಶಾಲೆ, ಅಲ್ಲಿಗೆ ಕಾಲಿಡುವ ಬಡಹುಡುಗಿ. ಅವನು ಅವಳನ್ನು ಮೊದಲು ಹಿಂಸಿಸುತ್ತಾನೆ, ಆಮೇಲೆ ಪ್ರೀತಿಸುತ್ತಾನೆ, ಅವನ ತಾಯಿ ಅಡ್ಡ ಬರುತ್ತಾಳೆ. 2013ರ ‘ದಿ ಏರ್ಸ್’ ಕೂಡ ಹೆಚ್ಚುಕಡಿಮೆ ಇದೇ ದಾರಿಯದ್ದು. ಇವೆರಡನ್ನೂ ಇಷ್ಟಪಟ್ಟವರನ್ನು ನಾನು ಹೀಗಳೆಯುವುದಿಲ್ಲ. ಆದರೆ ಹಿಂಸೆಯನ್ನು ಪ್ರೀತಿಯ ಮೊದಲ ಮೆಟ್ಟಿಲಾಗಿ ತೋರಿಸುವುದು ಹದಿನಾರರ ಮಕ್ಕಳು ನೋಡುವ ಕಥೆಯಲ್ಲಿ ತಪ್ಪು ಎಂದೇ ನನ್ನ ಅಭಿಪ್ರಾಯ.

‘ಟ್ವೆಂಟಿ ಫೈವ್ ಟ್ವೆಂಟಿ ವನ್’ ಆ ಶ್ರೀಮಂತ ನಾಯಕ ದಿವಾಳಿಯಾದ ಮರುದಿನದಿಂದ ಶುರುವಾಗುತ್ತದೆ. ಯಿಜಿನ್ ಓದುವಾಗ ಸ್ಪೋರ್ಟ್ಸ್ ಕಾರಿನಲ್ಲಿ ಓಡಾಡಿದವನು. ಈಗ ಬಾಡಿಗೆ ಕೋಣೆ, ಬೆಳಗ್ಗೆ ಪೇಪರ್ ಹಾಕುವ ಕೆಲಸ, ಹಗಲು ಕಾಮಿಕ್ಸ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೂರುವ ಕೆಲಸ. ಹೀದೊಳ ಮನೆಯಂಗಳಕ್ಕೆ ಅವನು ಎಸೆದ ಪೇಪರ್ ಅಲ್ಲಿದ್ದ ಪುಟ್ಟ ವಿಗ್ರಹವನ್ನು ಮುರಿಯುವುದರಿಂದ ಇಬ್ಬರ ಪರಿಚಯ. ಅವಳು ಜೀವ ಬಿಡುವ ‘ಫುಲ್ ಹೌಸ್’ ಕಾಮಿಕ್ಸ್ ಅವನ ಅಂಗಡಿಯಲ್ಲಿದೆ. ಅದು ವೊನ್ ಸೂಯೊನ್ ಅವರು ತೊಂಬತ್ತರ ದಶಕದಲ್ಲಿ ನಿಜವಾಗಿಯೂ ಬರೆದ ಜನಪ್ರಿಯ ಸರಣಿ. ಮನೆಯ ಜಗಳದಲ್ಲಿ ಹರಿದುಹೋದ ಪುಟವನ್ನು ಹೀದೊ ತಾನೇ ಬಿಡಿಸಿ ಅಂಟಿಸಿ ಅಂಗಡಿಗೆ ವಾಪಸು ಕೊಡುತ್ತಾಳೆ. ಆ ಸೊಟ್ಟ ಚಿತ್ರಗಳನ್ನು ನೋಡುವಾಗ ಯಿಜಿನ್‌ನ ಮುಖದಲ್ಲಿ ನಗು ಬರುವುದನ್ನು ಗಮನಿಸಿ. ಕಾರು ಕಳೆದುಕೊಂಡವನಿಗೆ ಒಂದು ಹರಕು ಪುಟ ಸಿಕ್ಕಿದೆ.

ಹೀದೊಳ ಕಥೆಯಲ್ಲಿ ಯಿಜಿನ್‌ನಷ್ಟೇ ಮುಖ್ಯಳು ಇನ್ನೊಬ್ಬಳಿದ್ದಾಳೆ: ಕೊ ಯುರಿಮ್. ಗಾಯಕಿಯೂ ಆಗಿರುವ ಬೋನಾ ಈ ಪಾತ್ರ ಮಾಡಿದ್ದಾರೆ. ಬೋನಾ ಅವರ ನಿಜವಾದ ಹೆಸರು ಕಿಮ್ ಜಿಯೊನ್. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೊರಿಯಾಕ್ಕೆ ಫೆನ್ಸಿಂಗ್‌ನ ಸೇಬರ್ ವಿಭಾಗದ ಚಿನ್ನ ತಂದ ಆಟಗಾರ್ತಿಯ ಹೆಸರೂ ಅದೇ. ಯುರಿಮ್ ಚಿಕ್ಕ ವಯಸ್ಸಿಗೇ ಒಲಿಂಪಿಕ್ ಚಿನ್ನ ಗೆದ್ದವಳು, ಹೀದೊ ಆರಾಧಿಸುವವಳು. ಅವಳೊಂದಿಗೆ ಆಡಬೇಕೆಂಬ ಒಂದೇ ಆಸೆಗೆ ಹೀದೊ ಹಟ ಹಿಡಿದು ತೇಯಾಂಗ್ ಹೈಸ್ಕೂಲಿಗೆ ಸೇರುತ್ತಾಳೆ. ಅಲ್ಲಿ ಆರಾಧ್ಯ ದೇವತೆ ಅವಳನ್ನು ತಿರುಗಿಯೂ ನೋಡುವುದಿಲ್ಲ, ಸಿಡುಕುತ್ತಾಳೆ. ಎಳೆ ವಯಸ್ಸಿನಲ್ಲಿ ಹೀದೊಳ ಕೈಯಲ್ಲಿ ಸೋತ ನೆನಪು ಯುರಿಮ್‌ಳನ್ನು ಬಿಟ್ಟಿರುವುದಿಲ್ಲ. ಬಡಮನೆಯ ಹುಡುಗಿಗೆ ಸೋಲು ಎಂದರೆ ಅಪ್ಪ ಅಮ್ಮ ಸುರಿದ ಹಣ ನೀರಾದಂತೆ.

ಸೇಬರ್ ಆಟದ ಒಂದು ಸೂಕ್ಷ್ಮ ತಿಳಿದರೆ ಇವರಿಬ್ಬರ ಕಥೆ ಇನ್ನೂ ಚೆನ್ನಾಗಿ ಎದೆಗಿಳಿಯುತ್ತದೆ. ಹದಿನಾಲ್ಕು ಮೀಟರ್ ಉದ್ದದ ಪಟ್ಟಿಯ ಮೇಲೆ ಇಬ್ಬರು. ಸೊಂಟದಿಂದ ಮೇಲಿನ ಭಾಗಕ್ಕೆ ಕತ್ತಿಯ ಮೊನೆ ತಾಗಿದರೂ ಅಲಗು ತಾಗಿದರೂ ಅಂಕ. ಮೈಮೇಲಿನ ಲೋಹದ ಎಳೆಯ ಜಾಕೆಟ್‌ಗೆ ಕತ್ತಿ ತಾಕಿದೊಡನೆ ದೀಪ ಹೊತ್ತುತ್ತದೆ. ಇಬ್ಬರೂ ಒಟ್ಟಿಗೆ ನುಗ್ಗಿದಾಗ ಎರಡೂ ದೀಪ ಹೊತ್ತುತ್ತವೆ; ಆಗ ದಾಳಿ ಮೊದಲು ಶುರು ಮಾಡಿದವರು ಯಾರು ಎಂದು ರೆಫರಿ ತೀರ್ಮಾನಿಸಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದದ್ದಕ್ಕೆ ಆ ಕಾಲದಲ್ಲಿ ಮನುಷ್ಯನೊಬ್ಬನ ಕಣ್ಣೇ ಸಾಕ್ಷಿಯಾಗಿತ್ತು. ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಕೊನೆಯ ಅಂಕಕ್ಕೆ ಹೀಗೇ ಆಗುತ್ತದೆ. ಚಿನ್ನ ಹೀದೊಗೆ ಸಿಗುತ್ತದೆ, ಯುರಿಮ್ ಪ್ರತಿಭಟಿಸುತ್ತಾಳೆ, ಇಡೀ ದೇಶ ಹೀದೊಳನ್ನು ಪದಕ ಕದ್ದವಳು ಎಂಬಂತೆ ನೋಡುತ್ತದೆ. ಆಗಷ್ಟೇ ವಾಹಿನಿಯೊಂದಕ್ಕೆ ವರದಿಗಾರನಾಗಿ ಸೇರಿದ ಯಿಜಿನ್ ದೇಶ ಬಿಟ್ಟು ಹೊರಟಿದ್ದ ರೆಫರಿಯನ್ನು ವಿಮಾನ ನಿಲ್ದಾಣದಲ್ಲಿ ಹಿಡಿದು, ಹೀದೊಳ ದಾಳಿಯೇ ಮೊದಲಿನದು ಎಂಬ ಮಾತನ್ನು ಕ್ಯಾಮೆರಾದ ಮುಂದೆ ಹೇಳಿಸುತ್ತಾನೆ. ಪ್ರೀತಿಸಿದವಳಿಗಾಗಿ ಅವನು ಮಾಡಿದ್ದು ತನ್ನ ಕೆಲಸವನ್ನೇ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಕೆಲಸ ಅವರನ್ನು ಅಗಲಿಸುತ್ತದೆ.

ಆಟದ ಚರಿತ್ರೆಗೆ ಬಂದರೆ ಕಥೆ ಇಲ್ಲಿ ಸ್ವಾತಂತ್ರ್ಯ ವಹಿಸಿದೆ. ಮಹಿಳೆಯರ ಸೇಬರ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದದ್ದೇ 1999ರಲ್ಲಿ, ಒಲಿಂಪಿಕ್ಸ್‌ಗೆ ಬಂದದ್ದು 2004ರ ಅಥೆನ್ಸ್‌ನಲ್ಲಿ. ಯುರಿಮ್‌ಳಂಥ ಚಿನ್ನದ ಹುಡುಗಿ 1998ಕ್ಕೆ ಮೊದಲು ಇರಲು ಸಾಧ್ಯವಿರಲಿಲ್ಲ. ನಮ್ಮ ಪಕ್ಕದ ಚೆನ್ನೈನ ಭವಾನಿ ದೇವಿ ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಫೆನ್ಸರ್ ಆಗಿದ್ದು ಇದೇ ಸೇಬರ್‌ನಲ್ಲಿ, ಟೋಕಿಯೊದಲ್ಲಿ. ಅವರ ಪಂದ್ಯ ಟಿ.ವಿ.ಯಲ್ಲಿ ನೋಡಿದವರಿಗೆ ಹೀದೊ ಪಟ್ಟಿಯ ಮೇಲೆ ಎಬ್ಬಿಸುವ ಆ ಕೂಗು ಅಪರಿಚಿತ ಅನ್ನಿಸುವುದಿಲ್ಲ.

ಹೀದೊ–ಯುರಿಮ್ ಜಗಳದ ಹಿಂದೆ ಇನ್ನೊಂದು ಗುಟ್ಟು ನಡೆಯುತ್ತಿರುತ್ತದೆ. ಫೋನಿನ ತಂತಿಗೆ ಕಂಪ್ಯೂಟರ್ ಜೋಡಿಸಿ ಅಕ್ಷರಗಳಲ್ಲಿ ಹರಟುತ್ತಿದ್ದ ಕಾಲ ಅದು. ಹೀದೊಗೆ ಅಲ್ಲೊಬ್ಬ ಅನಾಮಿಕ ಸ್ನೇಹ. ಆ ಕಡೆಯವರ ಹೆಸರು ‘ಇಂಜೊಲ್ಮಿ’, ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸಿದ ಅಕ್ಕಿಯ ತಿಂಡಿ. ಶಾಲೆಯಲ್ಲಿ ತನ್ನನ್ನು ಕಂಡರಾಗದವಳ ಬಗ್ಗೆ ಹೀದೊ ದಿನವೂ ಇಂಜೊಲ್ಮಿಯ ಬಳಿ ದುಃಖ ತೋಡಿಕೊಳ್ಳುತ್ತಾಳೆ, ಇಂಜೊಲ್ಮಿ ಸಮಾಧಾನ ಹೇಳುತ್ತದೆ. ಆ ಇಂಜೊಲ್ಮಿ ಯುರಿಮ್ಮೇ ಎಂದು ಇಬ್ಬರಿಗೂ ತಿಳಿಯುವ ಭಾಗ ಇಡೀ ಧಾರಾವಾಹಿಯ ಶಿಖರ ಎಂದು ನಾನು ಎಣಿಸುತ್ತೇನೆ. ಹಗಲಲ್ಲಿ ಶತ್ರು, ರಾತ್ರಿಯಲ್ಲಿ ಒಬ್ಬರಿಗೊಬ್ಬರು ಆಸರೆ. ಕತ್ತಿ ಹಿಡಿದಾಗ ಮುಖಕ್ಕೆ ಜಾಲರಿ, ಹರಟುವಾಗ ಪರದೆ. ಮುಖ ಕಾಣದಿದ್ದಾಗಲೇ ಇವರು ನಿಜವಾಗಿ ಮಾತಾಡಿದ್ದು.

ಆಮೇಲೆ ಮತ್ತೆ ಹಣದ ಮಾತು ಬರುತ್ತದೆ. ಯುರಿಮ್‌ಳ ಅಪ್ಪ ಅಪಘಾತ ಮಾಡಿಕೊಂಡು ದೊಡ್ಡ ಪರಿಹಾರ ತೆರಬೇಕಾಗುತ್ತದೆ. ಮನೆಯನ್ನು ಉಳಿಸಲು ಅವಳು ರಷ್ಯಾದ ಪೌರತ್ವ ಪಡೆದು ಆ ದೇಶದ ಪರ ಆಡಲು ಒಪ್ಪುತ್ತಾಳೆ. ನಿಜ ಜೀವನದಲ್ಲೂ ಕೊರಿಯಾ ಇಂಥದ್ದನ್ನು ಕಂಡಿದೆ: ಮಂಜುಗಡ್ಡೆಯ ಮೇಲಿನ ಸ್ಕೇಟಿಂಗ್ ಓಟದ ಆನ್ ಹ್ಯೂನ್‌ಸೂ 2011ರಲ್ಲಿ ರಷ್ಯಾದ ಪ್ರಜೆಯಾಗಿ, 2014ರ ಸೋಚಿಯಲ್ಲಿ ಆ ದೇಶಕ್ಕೆ ಮೂರು ಚಿನ್ನ ಗೆದ್ದರು. ಯುರಿಮ್‌ಳ ಸುದ್ದಿಯನ್ನು ಮೊದಲು ಹೊರಗೆ ಹಾಕುವವನು ಯಿಜಿನ್, ಅವಳ ಸ್ನೇಹಿತ. ಸುದ್ದಿ ಬಂದ ಮೇಲೆ ಜನ ಅವಳನ್ನು ದೇಶದ್ರೋಹಿ ಎಂದು ಗೋಡೆಯ ಮೇಲೆ ಬರೆಯುತ್ತಾರೆ. ಆ ಬರಹವನ್ನು ಯಿಜಿನ್ ಒಬ್ಬನೇ ನಿಂತು ಅಳಿಸುತ್ತಿರುವಾಗ ಹೀದೊ ಬರುತ್ತಾಳೆ, ಏನೂ ಹೇಳದೆ ಅಪ್ಪಿಕೊಳ್ಳುತ್ತಾಳೆ. ಮುಂದೆ ಮ್ಯಾಡ್ರಿಡ್‌ನಲ್ಲಿ ಎರಡು ದೇಶಗಳ ಅಂಗಿ ತೊಟ್ಟು ಗೆಳತಿಯರು ಎದುರಾಗುತ್ತಾರೆ. ಪಂದ್ಯ ಮುಗಿದ ಮೇಲೆ ಮುಖಕವಚ ತೆಗೆದು ತಬ್ಬಿಕೊಂಡು ಬಿಕ್ಕುತ್ತಾರೆ. ಆ ಅಳುವನ್ನು ಕಿಮ್ ತೇರಿ ಅಭಿನಯಿಸಿದ ರೀತಿಗೇ ಕೊರಿಯಾದ 2022ರ ಬೇಕ್‌ಸಾಂಗ್ ಪ್ರಶಸ್ತಿ ಸಲ್ಲಬೇಕು ಅನ್ನಿಸಿತು. ಅತ್ಯುತ್ತಮ ನಟಿ ಪ್ರಶಸ್ತಿ ಅವರಿಗೆ ಸಿಕ್ಕಿತು ಕೂಡ. ಮೂವತ್ತು ದಾಟಿದ ನಟಿ ಹದಿನೆಂಟರ ಹುಡುಗಿಯಾಗಿ ಎಲ್ಲೂ ಸುಳ್ಳೆನಿಸುವುದಿಲ್ಲ. ಬಾಯಿ ತುಂಬ ಅನ್ನ ಇಟ್ಟುಕೊಂಡು ಅಳುವುದು, ಸಿಟ್ಟು ಬಂದಾಗ ನೆಲ ಒದೆಯುವುದು, ಗೆದ್ದಾಗ ಮೈಯೆಲ್ಲ ಕೂಗಾಗುವುದು.

ಶಾಲೆಯ ಚಿತ್ರಣದಲ್ಲಿ ನನ್ನನ್ನು ಕಾಡಿದ್ದು ಜಿ ಸುಂಗ್‌ವಾನ್. ತರಗತಿಗೇ ಮೊದಲಿಗಳು, ರಾತ್ರಿ ಮನೆಯಿಂದ ಗುಟ್ಟಾಗಿ ರೇಡಿಯೊ ಕಾರ್ಯಕ್ರಮ ನಡೆಸುವವಳು. ಸ್ನೇಹಿತನನ್ನು ಮೇಷ್ಟ್ರು ದನಕ್ಕೆ ಬಡಿದಂತೆ ಬಡಿದಾಗ ಅವಳು ಆ ಮೇಷ್ಟ್ರ ಹೆಸರು ಹೇಳಿ ಅದೇ ರೇಡಿಯೊದಲ್ಲಿ ಸುದ್ದಿ ಓದುತ್ತಾಳೆ. ಕ್ಷಮೆ ಕೇಳು ಎನ್ನುತ್ತದೆ ಶಾಲೆ. ಕೇಳಿದರೆ ಒಳ್ಳೆಯ ವಿಶ್ವವಿದ್ಯಾಲಯದ ದಾರಿ ಸಲೀಸು. ಅವಳು ಕೇಳುವುದಿಲ್ಲ, ಶಾಲೆ ಬಿಡುತ್ತಾಳೆ. ಅವಳಮ್ಮ ಬಂದು ಮಗಳ ಬೆನ್ನಿಗೆ ನಿಲ್ಲುವ ದೃಶ್ಯ ನೋಡುತ್ತಾ ನಮ್ಮಕ್ಕನ ಮಗಳು ಒಂದು ಮಾತೂ ಆಡಲಿಲ್ಲ. ಕಂತು ಮುಗಿದ ಮೇಲೆ, ‘ಆ ಮೇಷ್ಟ್ರಿಗೆ ಏನೂ ಆಗಲೇ ಇಲ್ವಲ್ಲ’ ಅಂದಳು. ಆಗಲಿಲ್ಲ, ನಿಜ. ಸೋಲ್ ನಗರದ ಶಿಕ್ಷಣ ಇಲಾಖೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದ್ದು 2010ರಲ್ಲಿ. 1999ರ ಹುಡುಗಿಯೊಬ್ಬಳಿಗೆ ಗೆಲುವು ಕೊಟ್ಟಿದ್ದರೆ ಅದು ಕೇಳಲು ಹಿತವಾದ ಸುಳ್ಳಾಗುತ್ತಿತ್ತು. ನ್ಯಾಯ ಸಿಗಲಿಲ್ಲ, ಅವಳು ಬಾಗಲೂ ಇಲ್ಲ. ಕಥೆ ಅಷ್ಟಕ್ಕೇ ನಿಂತದ್ದು ಸರಿ.

ವಯಸ್ಸಿನ ಅಂತರದ ಬಗ್ಗೆ ಬಂದ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಹೈಸ್ಕೂಲು ಹುಡುಗಿ, 22ರ ತರುಣ. ಮಗಳನ್ನು ಬೆಳೆಸುವ ಯಾರಿಗಾದರೂ ಇದು ಕಿರಿಕಿರಿಯೇ. ಬರೆದವರಿಗೂ ಅದು ಗೊತ್ತಿದೆ ಎಂಬುದಕ್ಕೆ ಸಾಕ್ಷಿ ಅವರ ಮೊದಲ ಮುತ್ತಿಗೆ ಆರಿಸಿಕೊಂಡ ಸಮಯ. ಆಗ ಕೊರಿಯಾದಲ್ಲಿ ವಯಸ್ಸನ್ನು ಹುಟ್ಟುಹಬ್ಬದಿಂದ ಎಣಿಸುತ್ತಿರಲಿಲ್ಲ. ಜನವರಿ 1 ಬಂದರೆ ಎಲ್ಲರಿಗೂ ಒಂದು ವರ್ಷ ಕೂಡುತ್ತಿತ್ತು. 1999 ಕಳೆದು 2000 ಹುಟ್ಟುವ ಕ್ಷಣದಲ್ಲಿ, ಅಂದರೆ ಹೀದೊಗೆ 20 ತುಂಬುವ ಕ್ಷಣದಲ್ಲೇ, ಹೀದೊ ತಾನಾಗಿ ಯಿಜಿನ್‌ಗೆ ಮುತ್ತು ಕೊಡುತ್ತಾಳೆ. ಅಲ್ಲಿಯವರೆಗೆ ಅವರ ನಡುವೆ ಇದ್ದದ್ದು ಪೇಜರ್‌ಗೆ ಸಾರ್ವಜನಿಕ ಫೋನಿನಿಂದ ಬಿಟ್ಟ ಧ್ವನಿ ಸಂದೇಶಗಳು, ಒಬ್ಬರ ಸೋಲಿಗೆ ಇನ್ನೊಬ್ಬರ ಕಾವಲು. ಅಷ್ಟಾದರೂ ಎಚ್ಚರ ವಹಿಸಿದ್ದಾರಲ್ಲ ಎಂದು ಒಪ್ಪಿಕೊಂಡೆ. ಪೂರ್ತಿ ನೆಮ್ಮದಿಯಾಯಿತು ಎಂದು ಹೇಳಲಾರೆ.

ಈಗ ಮುಕ್ತಾಯಕ್ಕೆ ಬರುತ್ತೇನೆ. ಇಡೀ ಕಥೆಯನ್ನು ನಾವು ನೋಡುವುದು ಹೀದೊಳ ಮಗಳು ಮಿನ್‌ಚೇ ಓದುವ ಡೈರಿಯ ಮೂಲಕ. ಕಥೆಯ ವರ್ತಮಾನ ಕೋವಿಡ್‌ನ ದಿನಗಳು, ಬೀದಿಯಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ಬ್ಯಾಲೆ ಕಲಿಯುವ ಮಿನ್‌ಚೇ ಸೋಲಿಗೆ ಹೆದರಿ ನೃತ್ಯ ಬಿಡುತ್ತೇನೆಂದು ಅಜ್ಜಿಯ ಮನೆಗೆ ಬಂದು ಕೂತಿದ್ದಾಳೆ. ಅವಳ ಕುಲನಾಮ ಕಿಮ್. ಬೇಕ್ ಅಲ್ಲ. ಅಂದರೆ ಹೀದೊ ಯಿಜಿನ್‌ನನ್ನು ಮದುವೆಯಾಗಲಿಲ್ಲ ಎಂದು ಕಥೆ ಶುರುವಿನಲ್ಲೇ ಹೇಳಿಬಿಟ್ಟಿದೆ. ಆದರೂ ನೋಡುಗರು ಎಂಟು ವಾರ ಅದನ್ನು ನಂಬಲಿಲ್ಲ. ‘ಹೆಸರು ಬದಲಾಯಿಸಿರಬಹುದು ಅಂದ್ಕೊಂಡಿದ್ದೆ’ ಎಂದು ನಮ್ಮ ಹುಡುಗಿಯೂ ಹೇಳಿದಳು. ಎದುರಿಗಿದ್ದರೂ ಕಾಣದ ಹಾಗೆ ಮಾಡುವ ಶಕ್ತಿ ಆ ಇಬ್ಬರು ನಟರ ಜೋಡಿಗಿತ್ತು.

ಅಗಲಿಕೆಗೆ ನೆಪ 2001ರ ಸೆಪ್ಟೆಂಬರ್ 11. ವರದಿಗಾರ ಯಿಜಿನ್ ನ್ಯೂಯಾರ್ಕ್‌ಗೆ ಹೋಗುತ್ತಾನೆ, ಸಾವುಗಳನ್ನು ನೋಡಿ ನೋಡಿ ಒಳಗೇ ಕುಸಿಯುತ್ತಾನೆ, ಹೀದೊಗೆ ಏನನ್ನೂ ಹೇಳುವುದಿಲ್ಲ. ಅವಳು ಕಾಯುತ್ತಾಳೆ. ಕಾದು ಸಾಕಾಗಿ ಒಂದು ದಿನ ಸುರಂಗದಂಥ ದಾರಿಯೊಂದರಲ್ಲಿ ಇಬ್ಬರೂ ಎದೆ ಸೀಳುವ ಮಾತುಗಳನ್ನಾಡಿ ಬೇರೆಯಾಗುತ್ತಾರೆ. ಇದು ದಿಢೀರನೆ ತಂದು ತುರುಕಿದ್ದು ಎಂಬುದು ಬಹುಜನರ ದೂರು. ಕೊನೆಯ ಎರಡು ಕಂತುಗಳು ಅವಸರವಾದವು ಎಂಬುದನ್ನು ನಾನೂ ಒಪ್ಪುತ್ತೇನೆ. ಯಿಜಿನ್ ನ್ಯೂಯಾರ್ಕ್‌ನಲ್ಲಿ ಏನೇನು ಅನುಭವಿಸಿದ ಎಂಬುದಕ್ಕೆ ಇನ್ನೊಂದು ಕಂತು ಬೇಕಿತ್ತು. ಹೀದೊ ಮದುವೆಯಾದ ಮನುಷ್ಯನ ಮುಖವನ್ನು ಒಮ್ಮೆಯೂ ತೋರಿಸದೆ ಇದ್ದದ್ದು ಆ ಮನುಷ್ಯನಿಗೂ ಹೀದೊಗೂ ಮಾಡಿದ ಅನ್ಯಾಯ.

ಆದರೆ ದಿಢೀರನೆ ಬಂದದ್ದು ಎಂಬುದನ್ನು ಒಪ್ಪಲಾರೆ. ಹೀದೊಳ ಅಮ್ಮನನ್ನು ಮರೆತವರು ಮಾತ್ರ ಹಾಗೆ ಹೇಳಬಲ್ಲರು. ಶಿನ್ ಜೇಕ್ಯುಂಗ್ ಟಿ.ವಿ. ವಾರ್ತೆ ಓದುವವಳು. ಗಂಡ ತೀರಿಕೊಂಡ ದಿನವೂ ವಾರ್ತೆ ಬಿಟ್ಟು ಬರಲಿಲ್ಲ. ಅಪ್ಪನ ಅಂತ್ಯಕ್ರಿಯೆಯಲ್ಲಿ ಅಮ್ಮನಿಗಾಗಿ ಕಾದು ಕೂತ ಮಗುವಿನ ಸಂಕಟ ಹೀದೊಳ ಒಳಗೆ ವರ್ಷಗಟ್ಟಲೆ ಹಾಗೇ ಉಳಿದಿದೆ. ಆ ಅಮ್ಮನ ವಾಹಿನಿಗೇ ಯಿಜಿನ್ ಸೇರುವುದು, ಅವಳ ಕೆಳಗೇ ಅವನು ಪಳಗುವುದು. ಸುದ್ದಿಗಾಗಿ ಎಲ್ಲವನ್ನೂ ಬಿಟ್ಟು ಓಡುವವರನ್ನು ಕಾಯುವುದು ಹೇಗಿರುತ್ತದೆಂದು ಹೀದೊಗಿಂತ ಚೆನ್ನಾಗಿ ಬಲ್ಲವರು ಈ ಕಥೆಯಲ್ಲಿ ಯಾರೂ ಇಲ್ಲ. ಮಗಳಾಗಿ ಒಮ್ಮೆ ಕಾದವಳು ಹೆಂಡತಿಯಾಗಿ ಮತ್ತೆ ಜೀವನಪೂರ್ತಿ ಕಾಯಬೇಕಿತ್ತೇ? ನಾನು ಹೀಗೆ ಕೇಳಿದಾಗ ನಮ್ಮ ಹುಡುಗಿ, ‘ಅವನು ಕೆಲಸ ಬಿಡಬಹುದಿತ್ತು’ ಅಂದಳು. ವಿಮಾನ ನಿಲ್ದಾಣದಲ್ಲಿ ರೆಫರಿಯ ಹಿಂದೆ ಓಡಿದವನು ಅವನೇ. ಆ ಕೆಲಸ ಬಿಟ್ಟ ಯಿಜಿನ್ ಬೇರೆ ಯಾರೋ ಆಗಿರುತ್ತಿದ್ದ.

ಇನ್ನೊಂದು ಲೆಕ್ಕ ಈ ಲೇಖನಕ್ಕಾಗಿ ತಾರೀಖುಗಳನ್ನು ಬರೆದುಕೊಳ್ಳುವಾಗ ಕಣ್ಣಿಗೆ ಬಿತ್ತು. 1998ರಲ್ಲಿ 22 ಮತ್ತು 18 ಇದ್ದವರಿಗೆ 25 ಮತ್ತು 21 ಆಗುವುದು 2001ರಲ್ಲಿ. ಕೊರಿಯಾ ಐಎಂಎಫ್ ಸಾಲದ ಕೊನೆಯ ಕಂತನ್ನು ಕಟ್ಟಿ ಮುಗಿಸಿದ್ದು 2001ರ ಆಗಸ್ಟ್ 23ರಂದು, ಗಡುವಿಗೆ ಸುಮಾರು ಮೂರು ವರ್ಷ ಮೊದಲೇ. ನ್ಯೂಯಾರ್ಕ್‌ನ ಗೋಪುರಗಳು ಬಿದ್ದದ್ದು ಅದಾಗಿ ಹತ್ತೊಂಬತ್ತು ದಿನಕ್ಕೆ. ಸಾಲದ ಜೊತೆ ಹುಟ್ಟಿದ ಪ್ರೀತಿ ಸಾಲ ತೀರುವ ಹೊತ್ತಿಗೆ ಮುಗಿಯುತ್ತದೆ. ಬರೆದವರು ಇದನ್ನು ಎಣಿಸಿ ಮಾಡಿದರೋ, ತಾನಾಗಿ ಕೂಡಿ ಬಂತೋ, ಈ ಪ್ರೀತಿಯ ಆಯಸ್ಸು ಆ ಕಾಲದ ಆಯಸ್ಸೇ. ಆ ಜನಕ್ಕೆ ತಿಳಿಯದ ಹಾಗೆ ಸಂತೋಷವಾಗಿರು ಎಂದು ಹುಡುಗಿ ಹೇಳಿದ ಗುಟ್ಟು ಆ ಸಾಲಗಾರರು ಇರುವವರೆಗಿನದು. ಅದಾದ ಮೇಲೆ ಇಬ್ಬರಿಗೂ ಗುಟ್ಟಿನ ಅಗತ್ಯವಿರಲಿಲ್ಲ. ಹಗಲಿನಲ್ಲಿ, ಎಲ್ಲರೆದುರು, ತಮ್ಮ ತಮ್ಮ ಕೆಲಸದಲ್ಲಿ ನಿಲ್ಲುವಷ್ಟು ಬಲ ಒಬ್ಬರಿಂದ ಒಬ್ಬರಿಗೆ ಬಂದಿತ್ತು.

2009ರಲ್ಲಿ ಒಲಿಂಪಿಕ್ ಪದಕ ವಿಜೇತೆ ಹೀದೊ ವಿದೇಶದಿಂದ ನೇರ ಪ್ರಸಾರದಲ್ಲಿ ಕಾಣಿಸಿಕೊಳ್ಳುತ್ತಾಳೆ. ವಾರ್ತೆ ಓದುವವನು ಯಿಜಿನ್. ಕೋಟು, ಟೈ, ಎದುರಿಗೆ ಪರದೆ, ಪರದೆಯಲ್ಲಿ ಅವಳು. ಬಹುವಚನದಲ್ಲಿ ಪ್ರಶ್ನೆ, ಬಹುವಚನದಲ್ಲಿ ಉತ್ತರ. ಕೊನೆಗೆ ಅವನು ಮದುವೆಯ ಶುಭಾಶಯ ತಡವಾಗಿ ಹೇಳುತ್ತಾನೆ, ಅವಳು ಧನ್ಯವಾದ ಹೇಳುತ್ತಾಳೆ. ಅಷ್ಟೇ. ಅರಚಾಟದ ಅಗಲಿಕೆಗಿಂತ ಈ ಎರಡು ನಿಮಿಷದ ಮರ್ಯಾದೆ ನನ್ನ ಕರುಳನ್ನು ಹೆಚ್ಚು ಹಿಂಡಿತು. ಅವನ ಪಾಸ್‌ವರ್ಡ್ ಮರೆತುಹೋದಾಗ ಕಂಪ್ಯೂಟರ್ ಕೇಳುವ ಸುಳಿವಿನ ಪ್ರಶ್ನೆ ಮೊದಲ ಪ್ರೀತಿ ಯಾರು ಎಂದು. ಅವನು ಟೈಪ್ ಮಾಡುವ ಉತ್ತರ ಇಂದಿಗೂ ಅದೇ ಹೆಸರು.

ನಮ್ಮ ಹುಡುಗಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ ಮಾತು ಅಗಲಿಕೆಯದಲ್ಲ. ಐವರು ಸ್ನೇಹಿತರು ಒಂದು ಬೇಸಿಗೆಯಲ್ಲಿ ಸಮುದ್ರಕ್ಕೆ ಹೋಗುತ್ತಾರೆ. ಯಾರ ಬಳಿಯೂ ಹೆಚ್ಚು ದುಡ್ಡಿಲ್ಲ. ಅಲೆಗೆ ಓಡುತ್ತಾರೆ, ಮರಳಲ್ಲಿ ಬೀಳುತ್ತಾರೆ, ಕತ್ತಲಾದ ಮೇಲೆ ಸುಮ್ಮನೆ ಕೂತು ಆಕಾಶ ನೋಡುತ್ತಾರೆ. ಡೈರಿಯಲ್ಲಿ ಇದನ್ನು ಓದಿದ ಮಿನ್‌ಚೇ ಅಮ್ಮನನ್ನು ಆ ಪ್ರವಾಸದ ಬಗ್ಗೆ ಕೇಳುತ್ತಾಳೆ. ಹೀದೊಗೆ ನೆನಪಿಲ್ಲ. ನಡುವಯಸ್ಸಿನ ಹೆಂಗಸು, ಕೆಲಸದ ಮಧ್ಯೆ, ಹಾಗೊಂದು ಆಗಿತ್ತೇ ಎಂಬ ಹಾಗೆ ನೋಡುತ್ತಾಳೆ.

‘ಹೇಗೆ ಮರೀತಾರೆ ಚಿಕ್ಕಮ್ಮ? ಸಾಧ್ಯವೇ ಇಲ್ಲ’ ಎಂದು ಅವಳು ನನ್ನನ್ನು ಕೇಳಿದಳು. ಅವಳಿಗೆ ಆಗ ಹದಿನೇಳು. ಹಿಂದಿನ ತಿಂಗಳಷ್ಟೇ ಕಾಲೇಜಿನ ಗೆಳತಿಯರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದಿದ್ದಳು. ಅದರ ಫೋಟೊಗಳನ್ನು ನನಗೆ ಎರಡು ಸಲ ತೋರಿಸಿದ್ದಳು. ನಾನು ಉತ್ತರ ಹೇಳಲಿಲ್ಲ. ರಿಮೋಟ್ ತೆಗೆದುಕೊಂಡು ಎರಡನೇ ಕಂತಿಗೆ ಹೋದೆ. ಬೀಗ ಹಾಕಿದ ಶಾಲೆ, ತೊಟ್ಟಿ, ಸಾಲು ನಲ್ಲಿಗಳು. ಅವಳು ಕಾಲು ಮಡಚಿಕೊಂಡು ಹತ್ತಿರ ಬಂದು ಕೂತಳು.